ಸಾಲಿನ್ಸರ ತರ್ಜುಮೆ

ದೊರೆ ಹಡಗು ಹತ್ತಿದ. ಅವನ ರೇಡಿಯೋ ಹತ್ತಲಿಲ್ಲ.
"ವಾಲ್ವು ಹೋಗಿದೆ, ಶನಿವಾರ ಕೊಡ್ತೇನೆ" ಎಂದಿದ್ದರು
ಹಂಪನಕಟ್ಟೆಯ ಅಂಗಡಿಯಲ್ಲಿ ಎಲಿಯಾಸ್ ಸಾಲಿನ್ಸರು.
ಶನಿವಾರ ಬಂತು.
ಕಾಫಿ ವರ್ಕ್ಸಿನ ಬಂಗಲೆಗೆ ಬೀಗವೂ ಬಂತು.

ನನಗಾಗ ಒಂಬತ್ತು. ಅಪ್ಪ ಅಲ್ಲಿ ಬೆಸುಗೆಯ ಕೆಲಸಕ್ಕಿದ್ದ.
ರಾಳದ ಹೊಗೆ ಮೂಗಿಗೇರಿದರೆ ಈಗಲೂ ನನಗೆ ಹಸಿವಾಗುತ್ತದೆ.
ರಿಪೇರಿಯಾದ ಪೆಟ್ಟಿಗೆಯನ್ನು
ಒಂದು ಇಡೀ ದಿನ ಉರಿಸಿ ನೋಡಬೇಕು,
ಅದು ಸಾಲಿನ್ಸರ ನೇಮ. ಮಿಶನ್ ಶಾಲೆಯಲ್ಲಿ ಕಲಿತವರು,
ಅರ್ಧ ಕೆಲಸವನ್ನೂ ಪಾಪದ ಪಟ್ಟಿಗೆ ಸೇರಿಸಿದ್ದರು.

ಹಾಗಾಗಿ ಒಂದು ಬುಧವಾರ
ಲಂಡನ್ನು ನಮ್ಮ ಅಂಗಡಿಯಲ್ಲಿತ್ತು.

ಮೊದಲು ಗಂಟೆ. ಇಗರ್ಜಿಯದಕ್ಕಿಂತ ದಪ್ಪ.
ಎರಡು ಹೊಡೆತಗಳ ನಡುವೆ ಮೀನಿನ ಹೆಂಗಸು
ಬುಟ್ಟಿ ಇಳಿಸಿ, ನಾಲ್ಕು ಬೂತಾಯಿ ಎಣಿಸಿ
ಮತ್ತೆ ಹೊತ್ತುಕೊಳ್ಳಬಹುದು, ಅಷ್ಟು ನಿಧಾನ.
ಆಮೇಲೆ ಪಿಟೀಲುಗಳು, ಒಂದೇ ಹಿಂಡಾಗಿ.
ಏರಿಯಲ್ ತಂತಿ ಹೋದದ್ದು ಹಿತ್ತಿಲ ತೆಂಗಿನ ಮರಕ್ಕೆ;
ಕಾಗೆ ಕೂತರೆ ಪಿಟೀಲೆಲ್ಲ ಕಡಲಿಗೆ ಬೀಳುತ್ತಿದ್ದವು.
ಕಾಗೆ ಓಡಿಸುವುದು ನನ್ನ ನೌಕರಿ.
ಸಂಬಳ ಒಂದು ಗೋಳಿಬಜೆ.

ಹನ್ನೊಂದಕ್ಕೆ ನಗು ಬಂತು.
ಮೊನ್ನೆ ರಾತ್ರಿ ಅವರು ನಕ್ಕದ್ದು,
ತಟ್ಟೆಗೆ ಹಿಡಿದು ಇವತ್ತು ನಮಗೆ ಬಡಿಸಿದ್ದು.
ಒಬ್ಬ ಮೂಗಿನಲ್ಲಿ ಏನೋ ಹೇಳುತ್ತಾನೆ,
ಬಾಗಿಲು ಕಿರ್ರೆನ್ನುತ್ತದೆ, ಪಿಂಗಾಣಿ ಒಡೆಯುತ್ತದೆ,
ಸಾವಿರ ಜನ ನಗುತ್ತಾರೆ.
ನಾವು ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದೆವು:
ನಾನು, ಅಪ್ಪ, ಬೀಡಿ ಬ್ರಾಂಚಿನ ಮೋನಬ್ಬ,
ಲೈಸೆನ್ಸು ಕೇಳಲು ಬಂದು, ಕೇಳುವುದು ಮರೆತ
ಪೋಸ್ಟಾಫೀಸಿನ ಉಪೇಂದ್ರ ಮಲ್ಯರು.

"ಎಂಥದಂತೆ?" ಎಂದ ಮೋನಬ್ಬ.
ಸಾಲಿನ್ಸರು ಕನ್ನಡಕ ಒರೆಸಿಕೊಂಡರು.
"ಅವ ಪೊಲೀಸು. ಅವನ ಎಮ್ಮೆ ಕಳೆದುಹೋಗಿದೆ.
ಅವಳು ಹೇಳ್ತಾಳೆ, ನಿನ್ನೆ ರಾತ್ರಿ ಕುಡಿದು
ಅದರ ಮೇಲೆಯೇ ಕೂತು ಹೋಗ್ತಿದ್ದೆಯಲ್ಲ ಮಾರಾಯ!"
ಆಗ ನಕ್ಕೆವು ನಾವು. ಲಂಡನ್ನು ಅಷ್ಟರಲ್ಲಿ ನಿಲ್ಲಿಸಿತ್ತು.
ನಮ್ಮ ನಗು ಮಾತ್ರ ಒಂಟಿಯಾಗಿ ರಸ್ತೆಗಿಳಿಯಿತು.
ಜಟಕಾದ ಕುದುರೆ ಕಿವಿ ನಿಮಿರಿಸಿತು.

ಸಂಜೆ. ಅಲ್ಲಿ ಮಧ್ಯಾಹ್ನದ ಊಟ.
ಯಾವುದೋ ಕಾರ್ಖಾನೆಯ ಊಟದ ಕೋಣೆಯಿಂದ, ಎಂದರು.
(ಚಮಚದ ಸದ್ದಿಗೆ ತರ್ಜುಮೆ ಬೇಡವಲ್ಲ.)
ಪಿಯಾನೋ, ಹಾಡುವ ಹೆಂಗಸು,
ಮೇಜು ಬಡಿಯುವ ನೂರು ಕೈ.
ಅದೇ ಹೊತ್ತಿಗೆ ನಮ್ಮ ಹಂಚಿನ ಕಾರ್ಖಾನೆ ಕೂಗಿತು.
ಟಾರ್ಚು ರಿಪೇರಿಗೆಂದು ಅಕ್ಕು ಬಂದಳು,
ಉಗುರಿನಡಿ ಆವೆಮಣ್ಣು.
"ಎಂಚಿನ ಮಲ್ಪುವೆರ್ ಅಲ್ಪ?"
"ಕೆಟಲು ಮಾಡ್ತಾರೆ."
"ಉಣ್ಣುವಾಗ ಯಾರೋ ಬಂದು ಹಾಡ್ತಾರಾ?"
"ಕಂಪೆನಿಯೇ ಕರೆಸ್ತದೆ."
ಅಕ್ಕು ನಗಲಿಲ್ಲ.
"ನಮಗೆ ಗಂಜಿಗೆ ಅರ್ಧ ಗಂಟೆ. ಕೈಯ ಮಣ್ಣು ಹೋಗಲಿಕ್ಕೇ
ಅದರಲ್ಲಿ ಕಾಲು ಗಂಟೆ ಬೇಕು."
ಆದರೂ ಕೌಂಟರಿನ ಮೇಲೆ ಅವಳ ಬೆರಳು
ಆ ನೂರು ಕೈಗಳ ಜೊತೆ ಸೇರಿಕೊಂಡಿತು.
ಒಣಗಿದ ಮಣ್ಣು ಸಣ್ಣಗೆ ಉದುರಿತು.
ಸಾಲಿನ್ಸರು ಆ ದಿನ ಅದನ್ನು ಒರೆಸಲಿಲ್ಲ.

ರಾತ್ರಿ ಕೊಲೆಯಾಯಿತು.
ಮೆಟ್ಟಿಲ ಮೇಲೆ ಬೂಟು, ಮಂಜಿನಲ್ಲಿ ಹಡಗಿನ ಕೊಂಬು, ಒಂದು ಚೀರು.
ಕೊಂದವನ ಹೆಸರು ಬಾಯಿತುದಿಗೆ ಬಂದಾಗ
ಕರೆಂಟು ಹೋಯಿತು.
ವಾಲ್ವುಗಳು ಆರಿದ ಕೆಂಡದಂತೆ ಒಂದೊಂದೇ ಕಣ್ಣು ಮುಚ್ಚಿದವು.
ಕತ್ತಲೊಳಗಿಂದ ಮಲ್ಯರು: "ಯಾರು?"
"ನಾಳೆ ಹೇಳ್ತೇನೆ."
ಹೇಳಲಿಲ್ಲ.

ಮುಂದೆ ನಾನು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದೆ.
ಟ್ರಂಕ್ ಕಾಲುಗಳ ನಡುವೆ ಕೂತು
ಇಂಗ್ಲಿಷು ಮೆಲ್ಲಗೆ ಕಿವಿಗೆ ಹತ್ತಿತು.
ಒಂದು ರಾತ್ರಿಪಾಳಿಯಲ್ಲಿ ತಟ್ಟನೆ ಹೊಳೆಯಿತು:
ಲಂಡನ್ನಿನ ಪೊಲೀಸಿಗೆ ಎಮ್ಮೆ ಎಲ್ಲಿಂದ?

ಕೇಳಲು ಹೋದೆ. ಎಂಬತ್ತರ ಸಾಲಿನ್ಸರು
ಕಿವಿಗೆ ಕೈ ಕೊಟ್ಟು ಮೂರು ಸಲ ಕೇಳಿಸಿಕೊಂಡರು.
"ಎಮ್ಮೆ ನನ್ನದು," ಎಂದರು. "ಜೆಪ್ಪಿನಲ್ಲಿತ್ತು.
ನಿಜವಾಗಿ ಕಳೆದುಹೋಗಿತ್ತು, ಅದೇ ವಾರ."

ಹೊರಗೆ ಕಾಗೆ ಕೂಗಿತು.
ತಂತಿಯೂ ಇಲ್ಲ, ತೆಂಗೂ ಇಲ್ಲ.
ನಾನು ಎದ್ದು ನಿಂತಿದ್ದೆ.