ನೊರೆ ನಿಲ್ಲುವಷ್ಟು ಹೊತ್ತು

ನಾಳೆ ಕೊಯ್ಯಿಸಿಕೊಳ್ಳುವ ಗಂಟಲುಗಳನ್ನು
ಇವತ್ತು ರಾತ್ರಿಯೇ ಬೋಳಿಸಿಡುವುದು ನನ್ನ ಕೆಲಸ.
ಶಿವಮೊಗ್ಗದ ದೊಡ್ಡಾಸ್ಪತ್ರೆ, ಎರಡನೇ ಮಹಡಿ, ಗಂಡಸರ ವಾರ್ಡು.
ಬ್ಲೇಡು ಸರ್ಕಾರದ್ದು, ಬಕೆಟ್ಟು ಸರ್ಕಾರದ್ದು,
ಸೋಪೂ ಸರ್ಕಾರದ್ದೇ:
ಹಳದಿ ಬಿಲ್ಲೆ. ಎಷ್ಟು ತಿಕ್ಕಿದರೂ
ನೀರುಮಜ್ಜಿಗೆ ಮೇಲಿನ ಗುಳ್ಳೆಯಷ್ಟು ನೊರೆ,
ಕೆನ್ನೆ ತಲುಪುವುದರೊಳಗೆ ಅದೂ ಇಲ್ಲ.

ಆಮೇಲೆ ಬ್ಲೇಡಿಗೂ ಚರ್ಮಕ್ಕೂ ನೇರಾನೇರ ಜಗಳ.
ಕಲ್ಲುಕೋರೆಯ ಗುತ್ಯಪ್ಪ,
ದವಡೆ ಮುರಿದುಕೊಂಡು ಬಂದಾಗ ಅಳದವನು,
ನನ್ನ ಕೈಯಲ್ಲಿ ಅತ್ತ.
ಫ್ಲೋರಿನ್ ಸಿಸ್ಟರ್ ಇಂಡೆಂಟ್ ಪುಸ್ತಕ ಮಗುಚಿ
‘ಬರೆದಿದ್ದೀನಪ್ಪ, ಮಾರ್ಚಿಗೆ ಬರಬಹುದು’ ಅಂದರು.
ಯಾವ ಮಾರ್ಚಿ ಅಂತ ನಾನು ಕೇಳಲಿಲ್ಲ.

ಗುತ್ತಿಗೆ ಸಂಬಳದವನು
ಗಾಂಧಿ ಬಜಾರಿನಲ್ಲಿ ಎಷ್ಟು ದೂರ ನಡೆಯಬಹುದು?
ನಡೆದೆ.
ವಾಜಿದ್ ಸಾಹೇಬರ ಅಂಗಡಿಯಲ್ಲಿ ಡಬ್ಬಿಯ ಫೋಮು,
ಒತ್ತಿದರೆ ಬುಸ್ಸೆಂದು ಒಂದು ಮೋಡ.
ಇನ್ನೂರಹತ್ತು ರೂಪಾಯಿಯ ಮೋಡ, ಒಳಗೆ ಬರೀ ಗಾಳಿ.
ಟ್ಯೂಬಿನ ಕ್ರೀಮು ಪರವಾಗಿಲ್ಲ, ಆದರೆ
ವಾರ್ಡೆಲ್ಲ ಮದುವೆಮನೆಯ ವಾಸನೆ;
ಉಪವಾಸ ಇರಬೇಕಾದವರಿಗೆ ಹಸಿವಾಯಿತು.
ಮೈಗೆ ಹಚ್ಚುವ ಸೋಪನ್ನು ಸೌತೆಕಾಯಿಯಂತೆ ತುರಿದೆ.
ಅಮ್ಮ ತುರಿಮಣೆ ಬಚ್ಚಿಟ್ಟಳು.

ನಮ್ಮ ಮನೆ ಬಸ್‌ಸ್ಟ್ಯಾಂಡಿನ ಹಿಂದೆ.
ಎಡಗೆನ್ನೆಗೆ ಒಂದು ಸೋಪು, ಬಲಗೆನ್ನೆಗೆ ಇನ್ನೊಂದು,
ನೊರೆಯ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದು ಕಾಯುವುದು.
ಹೊರಗೆ ಕಂಡಕ್ಟರು ‘ಸಾಗರ, ಸಾಗರ, ಸಾಗರ’ ಕೂಗಿ
ಸುಸ್ತಾಗಿ ರೈಟ್ ಹೇಳುವವರೆಗೆ
ಗೆರೆ ಕರಗದಿದ್ದರೆ ಪಾಸು.
ಆರು ವಾರ, ಅರ್ಧ ಕೆಂಪು ಮುಖ ಹೊತ್ತು ಡ್ಯೂಟಿ ಮಾಡಿದೆ.

ಪಾಸಾದದ್ದು ಒಂದೇ. ಹೆಸರಿಲ್ಲದ ಬಿಳಿ ದುಂಡು ಬಿಲ್ಲೆ,
ಬಟರ್ ಪೇಪರಿನಲ್ಲಿ ಸುತ್ತಿದ್ದು, ಇಪ್ಪತ್ತೆರಡು ರೂಪಾಯಿ,
ಮೂವತ್ತೈದು ಮುಖಕ್ಕೆ ಬರುತ್ತದೆ, ಬರೆದಿಟ್ಟಿದ್ದೇನೆ.
ಬೋರಿನ ನೀರು ಕಂಡರೆ ಮಾತ್ರ ಮುನಿಸು.
ಅದಕ್ಕೇ ನಲ್ಲಿಯಲ್ಲಿ ಹೊಳೆ ನೀರು ಬಂದ ದಿನ
ಎರಡು ಬಾಟಲಿ ಹಿಡಿದಿಡುತ್ತೇನೆ.
ಗಂಗಾ ಸ್ನಾನ, ತುಂಗಾ ಪಾನ ಅಂದವರು
ಗಡ್ಡದ ಮಾತು ಯಾಕೆ ಬಿಟ್ಟರೋ.

ಹೋದ ತಿಂಗಳು ಹನ್ನೊಂದನೇ ಮಂಚಕ್ಕೆ ಚೌಡಪ್ಪ ಬಂದ.
ಶಿರಾಳಕೊಪ್ಪದಲ್ಲಿ ನಲವತ್ತು ವರ್ಷ ಕ್ಷೌರದಂಗಡಿ.
ಗಂಟಲಲ್ಲಿ ಗಡ್ಡೆ. ಕೈ ನಡುಗುತ್ತಿತ್ತು, ಕಣ್ಣಲ್ಲ.
ಬಟ್ಟಲನ್ನು ಮೂಗಿಗೆ ಹಿಡಿದ.
‘ಎಷ್ಟು ಕೊಟ್ಟೆ?’
‘ಇಪ್ಪತ್ತೆರಡು.’
‘ನಮ್ಮಲ್ಲಿ ಹದಿನೆಂಟು.’
ಬ್ರಷ್ಷು ಕಿತ್ತುಕೊಂಡು ಕೊಡವಿದ:
‘ನೀರು ಜಾಸ್ತಿ. ಬ್ರಷ್ಷಿಗೆ ಬಾಯಾರಿಕೆ ಇರಬೇಕು ಮಾರಾಯ,
ಕುಡಿದು ಬಿದ್ದಿರಬಾರದು.
ಗೋಡೆಗೆ ಸುಣ್ಣ ಬಳಿದಂಗೆ ಬಳಿಬೇಡ.
ಕೂದಲು ಬುಡದಿಂದ ಎದ್ದು ಕೂರೋ ತನಕ
ಸುತ್ತು, ಸುತ್ತು, ಇನ್ನೂ ಸುತ್ತು. ಹ್ಞಾಂ. ಈಗ ಬ್ಲೇಡು.’

ಬ್ಲೇಡು ಹೋದದ್ದು ನನ್ನ ಕೈಗೇ ಗೊತ್ತಾಗಲಿಲ್ಲ.
ಮುಗಿದ ಮೇಲೆ ತನ್ನ ಗಲ್ಲವನ್ನು ತಾನೇ
ಗಿರಾಕಿಯದೆಂಬಂತೆ ಸವರಿದ. ಹೊಗಳಲಿಲ್ಲ.
ಕಿವಿಯ ಕೆಳಗೆ ಉಳಿದ ಎರಡು ಕೂದಲು ತೋರಿಸಿದ.

ಆಪರೇಷನ್ ಆಗಿ ಒಂಬತ್ತು ದಿನ. ಮಾತು ಹೋಗಿದೆ;
ಬರುತ್ತದೋ ಇಲ್ಲವೋ, ಡಾಕ್ಟರು ಮೇಲೆ ನೋಡುತ್ತಾರೆ.
ಸ್ಲೇಟು ಕೊಟ್ಟಿದ್ದೇವೆ, ಮುಟ್ಟುವುದಿಲ್ಲ.
ನಾನು ಹಾದುಹೋದರೆ ಒಂದು ಬೆರಳೆತ್ತಿ
ಕೆನ್ನೆಯ ಪಕ್ಕ, ಗಾಳಿಯಲ್ಲಿ,
ಸುತ್ತು, ಸುತ್ತು.
ಹೊಲಿಗೆ ಬಿಟ್ಟು ಮೇಲ್ಮೇಲೆ ಮಾಡುತ್ತೇನೆ.
ಬಿಲ್ಲೆ ಸವೆದು ಎಂಟಾಣೆಯಷ್ಟಾಗಿತ್ತು.

ನಿನ್ನೆ ಊರಿಂದ ಮಗಳು ಬಂದಳು,
ಚೀಲದಿಂದ ನಾಲ್ಕು ಬಿಳಿ ಬಿಲ್ಲೆ ತೆಗೆದಳು.
ನಾನು ಕೈ ಮುಗಿಯುವುದರೊಳಗೆ
ಚೌಡಪ್ಪ ಸ್ಲೇಟು ಎತ್ತಿಕೊಂಡ, ಮೊದಲ ಸಲ,
ಬರೆದು ತಿರುಗಿಸಿದ:
ಹದಿನೆಂಟು ನಾಲ್ಕಲೆ ಎಪ್ಪತ್ತೆರಡು.

ಎಣಿಸಿ ಕೊಟ್ಟೆ.