ಇಪ್ಪತ್ತಾರೂವರೆಗೆ ಒಂದು ಕೂದಲು ಕಡಿಮೆ

ಸೊಲಾಂಜ್ ಪೇರಾರ್ ತಂದು ಒರಗಿಸಿದಾಗ
ಹ್ಯಾಂಡಲ್ ತುಂಬ ಕೋಳಿ ಹಿಕ್ಕೆ.
"ಐವತ್ತೆಂಟರಲ್ಲಿ ಹೇಗಿತ್ತೋ ಹಾಗೇ ಬೇಕು," ಅಂದಳು.
"ಅಪ್ಪ ಕೊಂಡ ದಿನದ ಹಾಗೆ."
ರೇಟು ಕೇಳಲಿಲ್ಲ.
ಕೇಳದೆ ಹೋಗುವವರನ್ನು ಕಂಡರೆ ನನಗೆ ಒಳಗೊಳಗೇ ದಿಗಿಲು.

ಸೇಂತ್ ಎತಿಯೆನ್ನಿನ ಈ ಬೀದಿಯಲ್ಲಿ ಒಂದು ಕಾಲಕ್ಕೆ
ಬಾಗಿಲಿಗೊಬ್ಬ ಫ್ರೇಮು ಬೆಸೆಯುವವ,
ಮಹಡಿಗೊಬ್ಬಳು ಚಕ್ರಕ್ಕೆ ಕಡ್ಡಿ ಹೆಣೆಯುವವಳು.
ಈಗ ನಾನೊಬ್ಬ. ಬ್ರಿಟ್ಟನಿಯ ಕಡಲ ಕಡೆಯಿಂದ
ಕೆಲಸ ಕಲಿಯಲು ಬಂದ ಮಾಯ್ವೆನ್.
ಒಂದು ರೇಡಿಯೋ, ಬರೀ ಸುದ್ದಿ ಹೇಳುತ್ತದೆ, ಅದೂ ಗೊಗ್ಗರ ದನಿಯಲ್ಲಿ.

ಬಿಚ್ಚುವುದೇ ಅರ್ಧ ವಿದ್ಯೆ.
"ಇಂಗ್ಲಿಷರ ಸೈಕಲ್ಲಲ್ಲ ಇದು," ಅಂದೆ,
"ಪೆಡಲಿನ ಅಚ್ಚು ಕೂರುವ ಬಟ್ಟಲು ಎರಡಕ್ಕೂ
ತಿರುಪು ಒಂದೇ ಕಡೆಗೆ. ಅದಕ್ಕೇ
ತುಳಿದಷ್ಟೂ ಬಲಗಡೆಯದು ತಾನಾಗಿ ಸಡಿಲ.
ಗೊತ್ತಿದ್ದೂ ವರ್ಷಾನುಗಟ್ಟಲೆ ಹಾಗೇ ಮಾಡಿದೆವು."
"ಯಾಕೆ?" ಅಂದಳು.
ನಾನು ಎಣ್ಣೆ ಡಬ್ಬಿ ಹುಡುಕತೊಡಗಿದೆ.

ಒಳಗಿನ ಗ್ರೀಸು ಹಳೇ ಬೆಲ್ಲದಂತೆ ಕಟ್ಟಿತ್ತು.
ಕ್ರೋಮಿಗೆ ವಿನೆಗರು, ಬೆಳ್ಳಿ ಹಾಳೆಯ ಉಂಡೆ.
ಹಿಂದಿನ ಗೇರು ಯಾರೋ ಆಮೇಲೆ ಹಾಕಿದ ಪ್ಲಾಸ್ಟಿಕ್ಕು,
ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯಿತು.
ಉಕ್ಕಿನ ಸಿಂಪ್ಲೆಕ್ಸ್ ಸಿಕ್ಕಿದ್ದು ಬೆಲ್ಜಿಯಮ್ಮಿನ ಪಾದ್ರಿಯೊಬ್ಬರಿಂದ.
ಮಫಾಕ್ ಬ್ರೇಕಿನ ಒಂದು ತೋಳು ರೋಆನ್ನಿನ ಭಾನುವಾರದ ಸಂತೆಯಲ್ಲಿ,
ಇನ್ನೊಂದು ತೋಳು ಅದೇ ಸಂತೆಯಲ್ಲಿ, ಏಳು ಭಾನುವಾರ ಬಿಟ್ಟು.
ನನ್ನ ಶಾಸ್ತ್ರ ಕಟ್ಟುನಿಟ್ಟು:
ಐವತ್ತೆಂಟರಾಚೆ ಹುಟ್ಟಿದ ಒಂದು ನಟ್ಟೂ
ಹೊಸಿಲು ದಾಟಕೂಡದು.
ನಾನು ಹುಟ್ಟಿದ್ದೇ ಅರವತ್ತಮೂರರಲ್ಲಿ. ಮಾಯ್ವೆನ್ ನೆನಪಿಸಿದಳು.

ಸೀಟಿನ ಕಂಬ ಮಾತ್ರ ಹಟ ಹಿಡಿಯಿತು.
ಈ ಫ್ರೇಮು ಕೇಳುವುದು ಇಪ್ಪತ್ತಾರು ಪಾಯಿಂಟ್ ನಾಲ್ಕು ಮಿಲಿಮೀಟರು,
ಅಂದರೆ ಇಪ್ಪತ್ತಾರೂವರೆಗೆ ಒಂದು ಕೂದಲು ಕಡಿಮೆ.
ಇದ್ದದ್ದು ಬರೀ ಇಪ್ಪತ್ತಾರು.
ಎಳೆದಾಗ ಕಂಬದ ಜೊತೆ ಸುರುಳಿಯಾಗಿ ಬಂತು
ತಗಡಿನ ಒಂದು ಪಟ್ಟಿ. ಕತ್ತರಿಯಲ್ಲಿ ಕತ್ತರಿಸಿದ್ದು,
ಅಂಚನ್ನು ಅರದಿಂದ ಉಜ್ಜಿದ್ದು, ಕೈ ಕೊಯ್ಯದ ಹಾಗೆ.
ಒರೆಸಿದರೆ: ನೀಲಿ ಅಲೆ, ಅರ್ಧ ಮೀನು,
ಮೂರೂವರೆ ಅಕ್ಷರ.
"ದುವಾರ್ನೆನೇ," ಅಂದಳು ಮಾಯ್ವೆನ್.
"ಈ ಕಾರ್ಖಾನೆ ನಮ್ಮೂರಿನದು. ಮುಚ್ಚಿತು.
ಅದರ ಗೇಟಿನ ಮುಂದೆ ನನ್ನ ಸ್ಕೂಲ್ ಬಸ್ಸು ನಿಲ್ಲುತ್ತಿತ್ತು."
ತಗಡನ್ನು ಮೂಸಿಯೂ ನೋಡಿದಳು. ಬರೀ ಕಬ್ಬಿಣ.

ಸರಿಯಾದ ಕಂಬಕ್ಕೆ ಒಂದು ವರ್ಷ ನಾಲ್ಕು ತಿಂಗಳು.
ಬಂದಾಗ ಮೇಣದ ಕಾಗದದಲ್ಲಿ ಸುತ್ತಿತ್ತು,
ಯಾರೂ ಎಂದೂ ಕೂತಿರದ ಹೊಳಪು.
ಇಳಿಸಿದೆ. ಇಳಿಯಿತು ನೋಡಿ,
ಗಂಟಲಲ್ಲಿ ಬೆಣ್ಣೆ ಇಳಿದ ಹಾಗೆ.
ಅವತ್ತು ಮಧ್ಯಾಹ್ನವೇ ಅಂಗಡಿ ಮುಚ್ಚಿದೆ.

ಸೊಲಾಂಜ್ ಒಂದು ಸುತ್ತು ಹೋಗಿ ಬಂದಳು. ಇಳಿಯಲಿಲ್ಲ.
ಒಂದು ಕಾಲು ನೆಲಕ್ಕೂರಿ ಹಾಗೇ ನಿಂತಳು.
"ಚೆನ್ನಾಗಿದೆ," ಅಂದಳು. "ತುಂಬಾ."
ಆಮೇಲೆ: "ಶಬ್ದ ಎಲ್ಲಿ ಹೋಯಿತು?"
ಪಾಳಿ ಮುಗಿಸಿ ಅವರಪ್ಪ ಏರು ಹತ್ತುವಾಗ
ಸೀಟು ಕಿರ್ರ್ ಅನ್ನುತ್ತಿತ್ತಂತೆ, ತುಳಿತಕ್ಕೊಂದು ಸಲ.
ಎರಡನೇ ತಿರುವಿನಲ್ಲಿ ಅದು ಕೇಳಿಸಿದ್ದೇ
ತಾಯಿ ಸೂಪಿನ ಪಾತ್ರೆ ಒಲೆಗೇರಿಸುತ್ತಿದ್ದಳಂತೆ.
ಮೀನು? ಹೂಂ, ಶುಕ್ರವಾರ ಶುಕ್ರವಾರ, ಡಬ್ಬಿಯದೇ.

ನಾನು ನನ್ನ ಕಂಬದ ಕಡೆ ನೋಡಿದೆ.
ಮೇಜಿನ ಡ್ರಾಯರಿನಲ್ಲಿ ಆ ತಗಡು.
ಯಾವ ಇಸವಿಯ ಸಾರ್ಡೀನೋ, ದೇವರೇ ಬಲ್ಲ.
ನನ್ನ ಶಾಸ್ತ್ರದಲ್ಲಿ ಡಬ್ಬಿಯ ಮೀನಿಗೆ ಅಧ್ಯಾಯವಿಲ್ಲ.

ಈಗ ಗೋಡೆಯ ಮೇಲೆ, ಎರಡು ಮೊಳೆಗಳ ನಡುವೆ ಹೊಳೆಯುತ್ತಿದೆ
ಇಪ್ಪತ್ತಾರು ಪಾಯಿಂಟ್ ನಾಲ್ಕು.
ಮಾಯ್ವೆನ್ ಅದಕ್ಕೆ ತನ್ನ ಏಪ್ರನ್ನು ತೂಗುಹಾಕುತ್ತಾಳೆ. ಬೈದರೂ ಅಷ್ಟೇ.
ಶನಿವಾರ ಬೆಳಿಗ್ಗೆ, ಗ್ರಾಂ ಬ್ವಾ ಏರಿನ ಕಡೆಗೆ,
ಬೀದಿಯಲ್ಲೊಂದು ಕಿರ್ರ್, ಮತ್ತೊಂದು ಕಿರ್ರ್ ದಾಟಿ ಹೋಗುತ್ತದೆ.
ತಲೆಯೆತ್ತದೆ, ಕಡ್ಡಿ ಬಿಗಿಯುತ್ತ,
"ಸಾರ್ಡೀನ್," ಅನ್ನುತ್ತಾಳೆ.