ಹುಲಿ ಎಂದು ಬರೆದಿದೆ

ಊಟದ ಹೊತ್ತಿಗೆ ಸಬೀಹಾ ಫೋನು ಮಾಡಿದಳು:
"ಡಾಕ್ಟ್ರೇ, ಹಲ್ಲಿನ ಲೆಕ್ಕ ನಿಮಗೆ ಗೊತ್ತಲ್ಲ, ಒಮ್ಮೆ ಬಂದು ಹೋಗಿ."
ಚಿಕ್ಕಮಗಳೂರಿನ ಹಳೇ ಕಚೇರಿಯ ರೆಕಾರ್ಡ್ ರೂಮು,
ಗೆದ್ದಲಿಗೆ ಹೆದರಿ ಕಬ್ಬಿಣದ ಬೀರುವಿನಲ್ಲಿಟ್ಟ
ಸಾವಿರದ ಎಂಟುನೂರ ಎಂಬತ್ತೊಂಬತ್ತರ ಕಡತ.
ಶಾಯಿ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿದೆ
ಎಂದು ಹೇಳಬೇಕೆನಿಸಿತು.
ಇಲ್ಲ, ಅದು ಬರೀ ಡಿಕಾಕ್ಷನ್ನಿನ ಬಣ್ಣ.

ನಾನು ದನದ ಡಾಕ್ಟರು.
ಕಾಡಂಚಿನಲ್ಲಿ ಹಸು ಸತ್ತರೆ ಟೇಪು ಹಿಡಿದು ಹೋಗುತ್ತೇನೆ,
ಕುತ್ತಿಗೆಯ ತೂತಿಂದ ತೂತಿಗೆ ಅಳೆಯುತ್ತೇನೆ,
ನಮೂನೆ ತುಂಬುತ್ತೇನೆ:
ಸತ್ತ ಪ್ರಾಣಿ, ಕೊಂದ ಪ್ರಾಣಿ, ಮಾಲೀಕರ ಹೆಸರು.

ಕಡತದಲ್ಲಿ ನಾಲ್ವರು, ಹೊನ್ನೆಗುಡ್ಡ ತೋಟದ ಲೈನಿನವರು.
ದೇಯಿ. ಪೊನ್ನಿ. ಗಿಡ್ಡಿ ಎಂದಷ್ಟೇ ಬರೆಸಿಕೊಂಡವಳು.
ನಾಲ್ಕನೆಯವಳಿಗೆ ಹೆಸರಿಲ್ಲ,
"ಮಂಗಳೂರು ಕಡೆಯವಳು, ಕಿವಿಯಲ್ಲಿ ಓಲೆ."
ಎರಡು ಹಂಗಾಮು, ನಾಲ್ಕೂ ಶನಿವಾರ ರಾತ್ರಿ,
ಬಟವಾಡೆ ಆದಮೇಲೆ, ಭಾನುವಾರದ ಸಂತೆಗೆ ಮುಂಚೆ.
ನಾಲ್ಕೂ ಕಡೆ ಅದೇ ದುಂಡು ಅಕ್ಷರ: ಹುಲಿ.

ಇನಾಮೂ ಸಂದಿದೆ.
ಪೊನ್ನಿ ಸತ್ತಮೇಲೆ ಒಂದನ್ನು ಹೊಡೆದರು,
ಐವತ್ತು ರೂಪಾಯಿ, ರಸೀದಿ ಇದೆ.
ಆಮೇಲೆ ಗಿಡ್ಡಿ ಸತ್ತಳು. ಇನ್ನೊಂದನ್ನು ಹೊಡೆದರು.
ಆಮೇಲೆ ಓಲೆಯವಳು.
ಕೊನೆಯ ಹಾಳೆ: "ಪ್ರಾಣಿಯು ಬೇರೆ ಕಾಡಿಗೆ ಹೋಗಿರಬಹುದು."

ಸಬೀಹಾ ಬೆರಳಿಟ್ಟ ಕಡೆ ಓದಿದೆ:
ತೂತಿಂದ ತೂತಿಗೆ ಮೂರೂಕಾಲು ಅಂಗುಲ.
ನಾಲ್ಕೂ ಸಲ ಮೂರೂಕಾಲು, ನೂಲು ಹೆಚ್ಚಿಲ್ಲ, ಕಮ್ಮಿಯಿಲ್ಲ.
ಅಷ್ಟಗಲದ ಕೋರೆ ನಾನು ಕಂಡ ಯಾವ ಹುಲಿಗೂ ಇಲ್ಲ,
ಮೇಲಿನ ದವಡೆ ಕಚ್ಚುವಾಗ ಕೆಳಗಿನದು ಸುಮ್ಮನಿರುವುದೂ ಇಲ್ಲ.
ಎಳೆದ ಗುರುತಿಲ್ಲ. ತೊಡೆ ತಿಂದಿಲ್ಲ.
ಅದೇ ಕಡತಕ್ಕೆ ಹೇಗೋ ಸೇರಿಕೊಂಡ ತೋಟದ ದಾಸ್ತಾನು ಪಟ್ಟಿ:
ಗೊಬ್ಬರದ ಕವೆಗೋಲು, ಎರಡು ಮುಳ್ಳಿನದು, ಹನ್ನೆರಡು.
ಮುಂದಿನ ವರ್ಷ ಹನ್ನೊಂದು.

ಮತ್ತೆ ಮುದುಕಿಯೊಬ್ಬಳ ಹೇಳಿಕೆ, ಹೆಬ್ಬೆಟ್ಟಿನ ಸಮೇತ:
"ಅವಳ ಸೆರಗಿನ ಗಂಟು ಬಿಚ್ಚಿತ್ತು ಸ್ವಾಮಿ."
ಪಕ್ಕದಲ್ಲಿ ಯಾರೋ ಗೀಚಿದ್ದಾರೆ: ಅಪ್ರಸ್ತುತ.

ಹುಲಿ ಸೆರಗಿನ ಗಂಟು ಬಿಚ್ಚುವುದಿಲ್ಲ.
ಹರಿಯುತ್ತದೆ.
ರಾಣಿಯ ತಲೆಯಿರುವ ಬೆಳ್ಳಿ
ಅದಕ್ಕೆ ಯಾವ ಸಂತೆಯಲ್ಲೂ ಚಲಾವಣೆಯಾಗುವುದಿಲ್ಲ.

"ಹಾಗಾದರೆ ಯಾರು?" ಎಂದಳು ಸಬೀಹಾ. ಅವಳದೊಂದು ಪಟ್ಟಿಯಿದೆ:
ಬಟವಾಡೆಯ ಮೇಸ್ತ್ರಿ, ರಾತ್ರಿ ಕಾವಲಿನವನು,
ಕುದುರೆ ಮೇಲೆ ಲೈನಿನ ತನಕ ಬರುತ್ತಿದ್ದ ಸಣ್ಣ ಸಾಹೇಬ.
ತಿಂಗಳಿಂದ ನಿದ್ದೆಯಿಲ್ಲ ಅವಳಿಗೆ.
ನನಗೆ ಕೊಂದವನು ಕಾಣಲಿಲ್ಲ.
ಕಂಡದ್ದು ಬರೆದವನು, ದುಂಡು ಅಕ್ಷರದ ಆಸ್ಪತ್ರೆ ಅಸಿಸ್ಟೆಂಟು,
ಅಳತೆ ಸರಿಯಾಗಿ ಬರೆದು ಹೆಸರು ತಪ್ಪು ಬರೆದವನು.
ಅವನ ಬಾಗಿಲಲ್ಲಿ ಯಾರು ನಿಂತಿದ್ದರು, ಎಷ್ಟು ಹೊತ್ತು?
ಅಥವಾ ಯಾರೂ ನಿಲ್ಲಬೇಕಿರಲಿಲ್ಲವೋ.

ನಾನೂ ಒಮ್ಮೆ ಬರೆದಿದ್ದೇನೆ.
ಆಲ್ದೂರಿನಾಚೆ, ಹೊಟ್ಟೆಯುಬ್ಬರದಲ್ಲಿ ಸತ್ತ ಹಸು.
ಲಕ್ಕಮ್ಮ ಎಂಬಾಕೆ ಲೋಟ ಕೊಡುತ್ತ, ಮುಖ ನೋಡದೆ,
"ಹುಲಿ ಅಂತ ಬರೀರವ್ವಾ, ಹುಲಿಗೇನು ಬೇಜಾರಿಲ್ಲ."
ಬರೆದೆ. ಕೈ ನಡುಗಲಿಲ್ಲ.
ಅಳತೆಯ ಜಾಗದಲ್ಲಿ ಎರಡೂಕಾಲು ಎಂದು ನಾನೇ ಹಾಕಿದೆ.
ಅವನಷ್ಟೂ ಪ್ರಾಮಾಣಿಕಳಲ್ಲ ನಾನು.

ಸಬೀಹಾಗೆ ಇದನ್ನು ಹೇಳಲಿಲ್ಲ.
ಬ್ಯಾಗಿನಲ್ಲೊಂದು ಖಾಲಿ ನಮೂನೆಯಿತ್ತು, ತೆಗೆದೆ.
ಸತ್ತ ಪ್ರಾಣಿ ಎಂಬುದಕ್ಕೆ ಗೀಟೆಳೆದು, ದೇಯಿ.
ಕೊಂದ ಪ್ರಾಣಿ: ಹುಲಿಯಲ್ಲ.
ಮಾಲೀಕರ ಹೆಸರು ಎಂಬಲ್ಲಿ ಪೆನ್ನು ನಿಂತಿತು.
ಹಳೇ ಕಡತದಲ್ಲಿ ಆ ಜಾಗ ಖಾಲಿಯಿಲ್ಲ,
ಹೊನ್ನೆಗುಡ್ಡ ತೋಟ ಎಂದಿದೆ, ಚೊಕ್ಕವಾಗಿ.

ಐದೂವರೆಗೆ ಮುತ್ತೋಡಿ ಕಡೆಯಿಂದ ಫೋನು:
"ಹಸು ಹೋಯ್ತು ಡಾಕ್ಟ್ರೇ, ಬೇಗ ಬನ್ನಿ, ಹುಲಿ."
"ಮುಟ್ಟಬೇಡಿ," ಎಂದೆ,
"ಟೇಪು ತರ್ತೀನಿ."